ಮನೆಯಲ್ಲೇ ಗ್ರಾನೋಲಾ: ನಂಬಿದ್ದೇನು, ನಿಜವೇನು?

ಓಟ್ಸ್, ಒಂದಿಷ್ಟು ಬೀಜ, ಎಣ್ಣೆ, ಸಿಹಿ. ಇಷ್ಟನ್ನು ಕಲಸಿ ಹೊಂಬಣ್ಣ ಬರುವವರೆಗೆ ಕಾವು ಕೊಟ್ಟು, ಆರಿದ ಮೇಲೆ ಒಣಹಣ್ಣು ಬೆರೆಸಿದರೆ ಗ್ರಾನೋಲಾ ಸಿದ್ಧ. ಕೆಲಸ ಸುಲಭದ್ದೇ. ಆದರೆ ಅದರ ಸುತ್ತ ಹುಟ್ಟಿಕೊಂಡಿರುವ ಮಾತುಗಳಿಗೆ ಲೆಕ್ಕವಿಲ್ಲ. ತೂಕ ಇಳಿಸುವ ಮದ್ದು ಎಂದು ಒಬ್ಬರು ಹೇಳಿದರೆ, ಸಕ್ಕರೆ ಸುರಿದ ಮಿಠಾಯಿ ಎಂದು ಇನ್ನೊಬ್ಬರು ಹೇಳುತ್ತಾರೆ. ಜೇನು ಕಾಯಿಸಬೇಡಿ, ಬಾದಾಮಿ ಸಿಪ್ಪೆ ತಿನ್ನಬೇಡಿ ಎಂಬ ಎಚ್ಚರಿಕೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇರುತ್ತವೆ. ಇವುಗಳಲ್ಲಿ ಹಲವನ್ನು ನಾವೂ ನಂಬಿಕೊಂಡು ಬಂದವರೇ. ಹಾಗಾಗಿ ನಂಬಿದವರನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಒಂದೊಂದನ್ನೂ ಎತ್ತಿಕೊಂಡು ಕಾರಣ ಸಮೇತ ನೋಡೋಣ.

ಮನೆಯಲ್ಲಿ ಮಾಡುವುದರ ನಿಜವಾದ ಲಾಭ ಒಂದೇ: ಏನು ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬ ತೀರ್ಮಾನ ನಮ್ಮ ಕೈಯಲ್ಲಿರುತ್ತದೆ. ತೀರ್ಮಾನಕ್ಕೆ ಆಧಾರವಾದ ಮಾಹಿತಿಯೇ ತಪ್ಪಾದರೆ ಆ ಲಾಭವೂ ಉಳಿಯುವುದಿಲ್ಲ.

ಮುಂದಿನ ಲೆಕ್ಕಗಳಿಗೆಲ್ಲ ಈ ಅಳತೆಯನ್ನು ಇಟ್ಟುಕೊಳ್ಳೋಣ: ಓಟ್ಸ್ 300 ಗ್ರಾಂ, ಬಾದಾಮಿ 100 ಗ್ರಾಂ, ಸಿಹಿಗುಂಬಳದ ಬೀಜ 50 ಗ್ರಾಂ, ಸೂರ್ಯಕಾಂತಿ ಬೀಜ 50 ಗ್ರಾಂ, ಎಣ್ಣೆ 55 ಗ್ರಾಂ, ಅಂದರೆ ಸುಮಾರು ನಾಲ್ಕು ದೊಡ್ಡ ಚಮಚ, ಜೇನು 80 ಗ್ರಾಂ, ಒಣದ್ರಾಕ್ಷಿ 75 ಗ್ರಾಂ, ಉಪ್ಪು ಅರ್ಧ ಟೀ ಚಮಚ. ನೀರಿನಂಶ ಆರಿದ ಮೇಲೆ ಸುಮಾರು 680 ಗ್ರಾಂ ಗ್ರಾನೋಲಾ ಕೈಗೆ ಬರುತ್ತದೆ.

ತಪ್ಪು ಕಲ್ಪನೆ 1: ಗ್ರಾನೋಲಾ ಆರೋಗ್ಯದ ತಿಂಡಿ, ಎಷ್ಟು ತಿಂದರೂ ತೂಕ ಹೆಚ್ಚುವುದಿಲ್ಲ.

ವಾಸ್ತವ: ಈ ನಂಬಿಕೆಗೆ ನೂರೈವತ್ತು ವರ್ಷಗಳ ಇತಿಹಾಸವಿದೆ. 1863ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಜೇಮ್ಸ್ ಕೇಲಬ್ ಜಾಕ್ಸನ್, ತವುಡು ತೆಗೆಯದ ಗೋಧಿ ಹಿಟ್ಟನ್ನು ಬೇಯಿಸಿ, ಪುಡಿಗಟ್ಟಿ, ಮತ್ತೆ ಬೇಯಿಸಿ ಗ್ರಾನ್ಯುಲಾ ಎಂಬ ತಿನಿಸು ಮಾಡಿದರು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ರಾತ್ರಿಯೇ ನೆನೆಹಾಕದಿದ್ದರೆ ಜಗಿಯಲು ಆಗುತ್ತಿರಲಿಲ್ಲ. ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಡಾ. ಜಾನ್ ಹಾರ್ವೆ ಕೆಲಾಗ್ ಅಂಥದ್ದೇ ಒಂದನ್ನು ಅದೇ ಹೆಸರಿನಲ್ಲಿ ಮಾಡಿದರು. ಜಾಕ್ಸನ್ ಕಡೆಯಿಂದ ಕಾನೂನು ತಕರಾರು ಬಂದಾಗ 1881ರ ಸುಮಾರಿಗೆ ಅದರ ಹೆಸರು ಗ್ರಾನೋಲಾ ಎಂದಾಯಿತು. ಜೇನು, ಎಣ್ಣೆ, ಬೀಜಗಳನ್ನು ಬೆರೆಸಿ ಗರಿಗರಿಯಾಗಿ ಮಾಡುವ ಇಂದಿನ ಗ್ರಾನೋಲಾ ಜನಪ್ರಿಯವಾದದ್ದು 1960ರ ದಶಕದ ಕೊನೆಯಿಂದ. 1972ರ ಹೊತ್ತಿಗೆ ದೊಡ್ಡ ಕಂಪನಿಗಳೂ ಅದನ್ನು ಪೊಟ್ಟಣ ಕಟ್ಟಿ ಮಾರತೊಡಗಿದವು.

ತಿನಿಸು ಪೂರ್ತಿ ಬದಲಾಯಿತು, ಆರೋಗ್ಯಧಾಮದ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ನಾವು ನಂಬಿದ್ದು ಆ ಹೆಸರನ್ನು.

ಈಗ ಲೆಕ್ಕ. ಮೇಲಿನ ಅಳತೆಯಲ್ಲಿ ಒಟ್ಟು ಸುಮಾರು 3,250 ಕಿಲೋಕ್ಯಾಲರಿ ಇದೆ, ಅಂದರೆ 100 ಗ್ರಾಂಗೆ ಸುಮಾರು 480. ಒಂದು ಹೊತ್ತಿಗೆ 45 ಗ್ರಾಂ ತಿಂದರೆ 215 ಕಿಲೋಕ್ಯಾಲರಿ ಆಗುತ್ತದೆ. ಅದು ಹಿತಮಿತ. ಅಳತೆಯಿಲ್ಲದೆ ಬಟ್ಟಲು ತುಂಬಿಸಿದರೆ 100 ಗ್ರಾಂ ದಾಟುವುದು ಕಷ್ಟವೇನಲ್ಲ, ಮೇಲೆ ಹಾಲು ಬೇರೆ. ಹೆಸರು ಆರೋಗ್ಯದ್ದಾದ ಮಾತ್ರಕ್ಕೆ ಕ್ಯಾಲರಿ ಕಡಿಮೆಯಾಗುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ 45 ಗ್ರಾಂ ತೂಗಿ, ಅದು ನಮ್ಮ ಬಟ್ಟಲಿನಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ಗುರುತು ಮಾಡಿಕೊಂಡರೆ ಮುಂದೆ ದಿನವೂ ತೂಗಬೇಕಿಲ್ಲ.

ತಪ್ಪು ಕಲ್ಪನೆ 2: ಅದು ಬರೀ ಸಿಹಿತಿಂಡಿ, ಪೋಷಕಾಂಶ ಏನೂ ಇಲ್ಲ.

ವಾಸ್ತವ: ಇದು ಇನ್ನೊಂದು ತುದಿ. ಓಟ್ಸ್‌ನಲ್ಲಿ ಬೀಟಾ-ಗ್ಲೂಕನ್ ಎಂಬ ಕರಗುವ ನಾರು ಇದೆ. ಕರುಳಿನಲ್ಲಿ ಅದು ಲೋಳೆಯಂತಾಗಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕನ್ ಸೇವನೆ ಹೃದ್ರೋಗದ ಅಪಾಯ ತಗ್ಗಿಸಬಹುದು ಎಂದು ಓಟ್ಸ್ ಪೊಟ್ಟಣಗಳ ಮೇಲೆ ಬರೆಯಲು ಅಮೆರಿಕದ ಆಹಾರ-ಔಷಧ ನಿಯಂತ್ರಕ ಎಫ್‌ಡಿಎ 1997ರಲ್ಲಿ ಅನುಮತಿ ಕೊಟ್ಟಿತು.

ಆದರೆ ಇಲ್ಲೂ ಲೆಕ್ಕ ಬಿಡಬಾರದು. ನಮ್ಮ 45 ಗ್ರಾಂ ಗ್ರಾನೋಲಾದಲ್ಲಿ ಓಟ್ಸ್ ಇರುವುದು ಸುಮಾರು 20 ಗ್ರಾಂ, ಅದರಲ್ಲಿ ಬೀಟಾ-ಗ್ಲೂಕನ್ ಸುಮಾರು 0.8 ಗ್ರಾಂ. ದಿನದ ಗುರಿಯ ಕಾಲು ಭಾಗ ಸಿಕ್ಕಿತು, ಪೂರ್ತಿ ಅಲ್ಲ. ಜೊತೆಗೆ ಐದಾರು ಬಾದಾಮಿ, ಒಂದು ಚಮಚದಷ್ಟು ಬೀಜಗಳು ಸೇರಿ ಪ್ರೋಟೀನ್, ಮೆಗ್ನೀಸಿಯಂ, ವಿಟಮಿನ್ ಇ ಒದಗಿಸುತ್ತವೆ. ಬೆಳಗಿನ ಒಂದು ಬಟ್ಟಲಿಗೆ ಇದು ಒಳ್ಳೆಯ ಕೊಡುಗೆಯೇ.

ತಪ್ಪು ಕಲ್ಪನೆ 3: ಸಕ್ಕರೆ ಬದಲು ಬೆಲ್ಲ ಅಥವಾ ಜೇನು ಹಾಕಿದರೆ ಅದು ಸಕ್ಕರೆರಹಿತ.

ವಾಸ್ತವ: ಜೇನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಸಕ್ಕರೆಯೇ, ಉಳಿದದ್ದರಲ್ಲಿ ಹೆಚ್ಚಿನದು ನೀರು. ಬೆಲ್ಲದಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಸಕ್ಕರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿ ಜೇನನ್ನೂ ಸಿರಪ್‌ಗಳನ್ನೂ ಬಿಳಿ ಸಕ್ಕರೆಯ ಸಾಲಿಗೇ ಸೇರಿಸಿದೆ. ಇಂಥ ಸಕ್ಕರೆ ದಿನದ ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಆ ಶೇ. 5 ಎಂದರೆ ವಯಸ್ಕರಿಗೆ ಹೆಚ್ಚುಕಡಿಮೆ 25 ಗ್ರಾಂ.

ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ ಎಂಬ ಮಾತು ಬರುತ್ತದೆ. ಇದೆ, 100 ಗ್ರಾಂಗೆ ನಾಲ್ಕೈದು ಮಿಲಿಗ್ರಾಂ. ಜೇನಿನ ಬದಲು ಬೆಲ್ಲ ಹಾಕಿದರೆ ನಮ್ಮ ಬಟ್ಟಲಿಗೆ ಬರುವ ಐದು ಗ್ರಾಂನಲ್ಲಿ ಕಾಲು ಮಿಲಿಗ್ರಾಂ ಸಿಗಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕ ಮಹಿಳೆಗೆ ಹೇಳಿದ್ದು ದಿನಕ್ಕೆ 29 ಮಿಲಿಗ್ರಾಂ. ಕಬ್ಬಿಣಕ್ಕಾಗಿ ಬೆಲ್ಲ ಹೆಚ್ಚಿಸುವುದು ಲಾಭದ ದಾರಿಯಲ್ಲ. ಬೆಲ್ಲವನ್ನು ಅದರ ರುಚಿಗಾಗಿ ಹಾಕೋಣ, ಅದಕ್ಕೆ ಅಷ್ಟು ಕಾರಣ ಸಾಕು.

ಬರೀ ಖರ್ಜೂರದಿಂದ ಸಿಹಿ ಮಾಡಿದರೂ ಸಕ್ಕರೆ ಇಲ್ಲ ಎನ್ನಲಾಗದು. ಒಣ ಖರ್ಜೂರದ ತೂಕದಲ್ಲಿ ಮೂರನೇ ಎರಡರಷ್ಟು ಸಕ್ಕರೆ. ಇಡೀ ಹಣ್ಣಾಗಿ ತಿಂದಾಗ ನಾರು ಜೊತೆಗಿರುತ್ತದೆ ಎಂಬುದಷ್ಟೇ ಹೆಚ್ಚಿನ ಲಾಭ. ನಮ್ಮ ಅಳತೆಯ 45 ಗ್ರಾಂನಲ್ಲಿ ಜೇನಿನಿಂದ ಬರುವ ಸಕ್ಕರೆ ನಾಲ್ಕು ಗ್ರಾಂ ಚಿಲ್ಲರೆ, ದ್ರಾಕ್ಷಿಯಿಂದ ಮೂರು ಗ್ರಾಂ ಚಿಲ್ಲರೆ. ಇದಕ್ಕಿಂತಲೂ ಕಡಿಮೆ ಬೇಕೆಂದರೆ ಜೇನನ್ನು 60 ಗ್ರಾಂಗೆ ಇಳಿಸಬಹುದು. ಓಟ್ಸ್ ಅಂಟಿಕೊಂಡು ಆಗುವ ಗಂಟುಗಳು ಕಡಿಮೆಯಾಗುತ್ತವೆ, ರುಚಿ ಕೆಡುವುದಿಲ್ಲ.

ತಪ್ಪು ಕಲ್ಪನೆ 4: ಜೇನು ಬಿಸಿಯಾದರೆ ವಿಷವಾಗುತ್ತದೆ, ಆದ್ದರಿಂದ ಗ್ರಾನೋಲಾ ವಿಷದ ತಿಂಡಿ.

ವಾಸ್ತವ: ಈ ಮಾತನ್ನು ಸುಮ್ಮನೆ ತಳ್ಳಿಹಾಕಬಾರದು. ಜೇನನ್ನು ಕಾಯಿಸಬಾರದು ಎಂಬ ಸೂಚನೆ ಚರಕ ಸಂಹಿತೆಯಲ್ಲೇ ಇದೆ, ಮನೆಯ ಹಿರಿಯರು ಅದನ್ನು ಪಾಲಿಸಿಕೊಂಡು ಬಂದಿದ್ದಾರೆ. ಜೇನು ಕಾಯಿಸಿದಾಗ ಬದಲಾವಣೆ ಆಗುವುದೂ ನಿಜ. ಅದರಲ್ಲಿನ ಕಿಣ್ವಗಳು ನಾಶವಾಗುತ್ತವೆ, ಹೂವಿನ ಪರಿಮಳ ಹಾರಿಹೋಗುತ್ತದೆ, ಎಚ್‌ಎಂಎಫ್ ಎಂಬ ಸಂಯುಕ್ತ ಹೆಚ್ಚುತ್ತದೆ. ವಿಷ ಎಂದು ಹರಿದಾಡುವ ಸಂದೇಶಗಳು ಬೆಟ್ಟು ಮಾಡುವುದು ಈ ಎಚ್‌ಎಂಎಫ್‌ ಕಡೆಗೆ.

ಆದರೆ ಎಚ್‌ಎಂಎಫ್ ಜೇನಿನ ಸ್ವತ್ತಲ್ಲ. ಸಕ್ಕರೆ ಇರುವ ಯಾವ ಪದಾರ್ಥವನ್ನು ಕಾಯಿಸಿದರೂ ಅದು ಹುಟ್ಟುತ್ತದೆ. ಬ್ರೆಡ್ಡಿನ ಕಂದು ಅಂಚಿನಲ್ಲಿ ಇದೆ, ಜಾಮ್‌ನಲ್ಲಿ ಇದೆ. ಹುರಿದ ಕಾಫಿಪುಡಿಯಲ್ಲಿ ಕಿಲೋಗೆ ನೂರಾರು ಮಿಲಿಗ್ರಾಂ ಇರುತ್ತದೆ. ಜೇನಿಗೆ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡ ಹಾಕಿರುವ ಮಿತಿ ಕಿಲೋಗೆ 40 ಮಿಲಿಗ್ರಾಂ, ಉಷ್ಣವಲಯದ ಜೇನಿಗೆ 80. ಆ ಮಿತಿ ಇರುವುದು ಮುಖ್ಯವಾಗಿ ಜೇನು ಹಳತೇ, ಅತಿಯಾಗಿ ಕಾಯಿಸಿದ್ದೇ ಎಂದು ಪತ್ತೆಹಚ್ಚಲು. ನಿತ್ಯ ಎರಡು ಲೋಟ ಕಾಫಿ ಕುಡಿಯುವ ನಾವು ಬಟ್ಟಲಿನ ಐದು ಗ್ರಾಂ ಜೇನಿಗೆ ಹೆದರಬೇಕಾದ ಕಾರಣ ಇಲ್ಲ.

ಎರಡು ಮಾತು ಮಾತ್ರ ಗಂಭೀರವಾಗಿ ಗಮನಿಸಬೇಕು. ಮೊದಲನೆಯದು, ಒಳ್ಳೆಯ ಕೊಡಗಿನ ಜೇನನ್ನೋ ಮಲೆನಾಡಿನ ತುಡುವೆ ಜೇನನ್ನೋ ಓವನ್‌ಗೆ ಹಾಕಿದರೆ ಅದರ ವಿಶೇಷ ಗುಣ ಉಳಿಯುವುದಿಲ್ಲ. ಅದನ್ನು ತಿನ್ನುವ ಹೊತ್ತಿಗೆ ಮೇಲಿನಿಂದ ಹನಿಸಿಕೊಳ್ಳುವುದು ಜಾಣತನ. ಜೇನು ಕಾಯಿಸುವುದು ಮನಸ್ಸಿಗೆ ಒಗ್ಗದವರಿಗೆ ಜೋನಿಬೆಲ್ಲ ಇದೆ. ಅದು ಮೊದಲೇ ನೀರಾಗಿರುವುದರಿಂದ ಓಟ್ಸ್‌ಗೆ ಚೆನ್ನಾಗಿ ಹತ್ತುತ್ತದೆ. ಎರಡನೆಯದು, ಒಂದು ವರ್ಷ ತುಂಬದ ಕೂಸಿಗೆ ಜೇನು ಕೂಡದು, ಹಸಿಯದೂ ಅಲ್ಲ, ಬೇಯಿಸಿದ್ದೂ ಅಲ್ಲ. ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿ ಇರಬಹುದು, ಮನೆಯ ಓವನ್‌ನ ಒಣ ಕಾವಿಗೆ ಅವು ಸಾಯುತ್ತವೆ ಎಂದು ನಂಬಿ ಕೂರುವಂತಿಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಹಚ್ಚುವ ರೂಢಿ ಇರುವ ಮನೆಗಳಲ್ಲಿ ಹೆದರಬೇಕಾದದ್ದು ಇದಕ್ಕೆ. ಸುಳ್ಳು ಭಯದ ಗದ್ದಲದಲ್ಲಿ ಈ ನಿಜವಾದ ಅಪಾಯವೇ ಮರೆಯಾಗಿದೆ.

ತಪ್ಪು ಕಲ್ಪನೆ 5: ಓವನ್ ಇಲ್ಲದ ಮನೆಯಲ್ಲಿ ಗ್ರಾನೋಲಾ ಆಗುವುದಿಲ್ಲ.

ವಾಸ್ತವ: ಓವನ್ ಮಾಡುವ ಕೆಲಸ ಎರಡು: ತೇವ ಹೊರಹಾಕುವುದು, ಹೊಂಬಣ್ಣ ತರುವುದು. ದಪ್ಪ ತಳದ ಬಾಣಲೆಯೂ ಇವೆರಡನ್ನು ಮಾಡುತ್ತದೆ, ನಮ್ಮ ಕೈ ಬಿಡುವಿಲ್ಲದೆ ಆಡಬೇಕು ಅಷ್ಟೆ.

ಸಣ್ಣ ಉರಿಯಲ್ಲಿ ಓಟ್ಸ್ ಅನ್ನು ಎಣ್ಣೆಯಿಲ್ಲದೆ ಹತ್ತು ನಿಮಿಷದಷ್ಟು ಹುರಿಯಬೇಕು. ಹಸಿ ವಾಸನೆ ಹೋಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗಬೇಕು. ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಬೀಜಗಳನ್ನು ಹುರಿದುಕೊಳ್ಳಬೇಕು. ಆಮೇಲೆ ಎಣ್ಣೆ ಅಥವಾ ತುಪ್ಪಕ್ಕೆ ಪುಡಿ ಬೆಲ್ಲ, ಎರಡು ಚಮಚ ನೀರು ಹಾಕಿ ಪಾಕ ಕುದಿಸಬೇಕು. ಗ್ರಾನೋಲಾ ಗರಿಗರಿ ಆಗುವುದೂ ಅಂಟಂಟಾಗುವುದೂ ನಿರ್ಧಾರವಾಗುವುದು ಈ ಹಂತದಲ್ಲಿ. ಒಂದು ಹನಿ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಡಿ. ಬೆರಳಿಗೆ ಮೆತ್ತನೆಯ ಉಂಡೆ ಸಿಕ್ಕರೆ ಇನ್ನೂ ಹದ ಬಂದಿಲ್ಲ. ಗಟ್ಟಿಯಾಗಿ, ತಟ್ಟೆಗೆ ಹಾಕಿದರೆ ಟಣ್ಣೆಂದರೆ ಶೇಂಗಾ ಚಿಕ್ಕಿಯ ಪಾಕ ಬಂದಂತೆ. ತಕ್ಷಣ ಉರಿ ಆರಿಸಿ, ಹುರಿದದ್ದನ್ನೆಲ್ಲ ಸುರಿದು, ಪಾಕ ಗಟ್ಟಿಯಾಗುವ ಮುಂಚೆ ಚಕಚಕನೆ ಕಲಸಿ, ಎಣ್ಣೆ ಸವರಿದ ತಟ್ಟೆಯಲ್ಲಿ ಹರಡಿದರೆ ಮುಗಿಯಿತು. ಚಿಕ್ಕಿ ಮಾಡಿ ಗೊತ್ತಿರುವ ಕೈಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ.

ತಪ್ಪು ಕಲ್ಪನೆ 6: ಇಷ್ಟಪಟ್ಟದ್ದನ್ನೆಲ್ಲ ಒಟ್ಟಿಗೆ ಬೆರೆಸಿ ಓವನ್‌ಗೆ ಇಟ್ಟರಾಯಿತು.

ವಾಸ್ತವ: ಏನು ಬೇಕಾದರೂ ಹಾಕಬಹುದು ಎಂಬುದು ಸರಿ. ಯಾವಾಗ ಬೇಕಾದರೂ ಹಾಕಬಹುದು ಎಂಬುದು ತಪ್ಪು. ಮನೆಯ ಗ್ರಾನೋಲಾ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಓಟ್ಸ್, ಇಡೀ ಬಾದಾಮಿ, ಕುಂಬಳದ ಬೀಜ, ಸೂರ್ಯಕಾಂತಿ ಬೀಜ ಮೊದಲಿನಿಂದಲೂ ಕಾವು ತಡೆಯುತ್ತವೆ. 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರಿಂದ 35 ನಿಮಿಷ ಇರಬಲ್ಲವು. ಗೋಡಂಬಿ ಬೇಗ ಕೆಂಪಾಗುತ್ತದೆ, ಅದನ್ನು ಅರ್ಧ ಸಮಯ ಕಳೆದ ಮೇಲೆ ಸೇರಿಸಬೇಕು. ಎಳ್ಳು ಮತ್ತು ತೆಳ್ಳಗೆ ಹೆರೆದ ಒಣ ಕೊಬ್ಬರಿಗೆ ಕೊನೆಯ ಎಂಟು-ಹತ್ತು ನಿಮಿಷ ಸಾಕು. ಮೊದಲೇ ಹಾಕಿದರೆ ಕೊಬ್ಬರಿ ಕರಕಲಾಗಿ ಇಡೀ ತಟ್ಟೆಗೆ ಕಹಿ ಹತ್ತುತ್ತದೆ. ಈಗಾಗಲೇ ಹುರಿದಿರುವ ಹುರಿಗಡಲೆಗೂ ಕೊನೆಯ ಸರದಿಯೇ.

ಒಣದ್ರಾಕ್ಷಿ, ಖರ್ಜೂರ, ಅಂಜೂರ ಓವನ್‌ಗೆ ಹೋಗಲೇಬಾರದು. ಅವುಗಳ ಸಕ್ಕರೆ ಬೇಗ ಸೀಯುತ್ತದೆ, ಇರುವ ಅಲ್ಪಸ್ವಲ್ಪ ನೀರೂ ಆರಿ ಕಲ್ಲಿನಂತಾಗುತ್ತವೆ. ಗ್ರಾನೋಲಾ ಪೂರ್ತಿ ತಣ್ಣಗಾದ ಮೇಲೆ ಬೆರೆಸಬೇಕು. ಚಾಕೊಲೇಟ್ ಚೂರುಗಳಿಗೂ ಇದೇ ನಿಯಮ. ಏಲಕ್ಕಿ, ದಾಲ್ಚಿನ್ನಿ ಪುಡಿಗಳನ್ನು ಎಣ್ಣೆ-ಜೇನಿನ ಮಿಶ್ರಣದಲ್ಲೇ ಕಲಸಬೇಕು. ಅವುಗಳ ಪರಿಮಳ ಎಣ್ಣೆಯಲ್ಲಿ ಕರಗಿ ಎಲ್ಲೆಡೆ ಸಮವಾಗಿ ಹರಡುತ್ತದೆ. ಸಿಹಿತಿಂಡಿಗೆ ಉಪ್ಪೇಕೆ ಎಂದು ಉಪ್ಪನ್ನು ಬಿಡುವುದೂ ಉಂಟು. ಚಿಟಿಕೆ ಉಪ್ಪು ಬಿದ್ದರೆ ಕಡಿಮೆ ಸಿಹಿಯೂ ನಾಲಿಗೆಗೆ ಸಾಕೆನಿಸುತ್ತದೆ, ಹೋಳಿಗೆಯ ಹೂರಣಕ್ಕೆ ಉಪ್ಪು ಹಾಕುವ ನಮಗೆ ಇದು ಗೊತ್ತಿರುವ ಸಂಗತಿಯೇ.

ತಪ್ಪು ಕಲ್ಪನೆ 7: ಓವನ್‌ನಿಂದ ತೆಗೆದಾಗ ಮೆತ್ತಗಿದ್ದರೆ ಇನ್ನೂ ಬೆಂದಿಲ್ಲ.

ವಾಸ್ತವ: ಬಿಸಿ ಗ್ರಾನೋಲಾ ಯಾವತ್ತೂ ಮೆತ್ತಗೇ ಇರುತ್ತದೆ, ಏಕೆಂದರೆ ಕರಗಿದ ಸಕ್ಕರೆ ಇನ್ನೂ ದ್ರವವಾಗಿರುತ್ತದೆ. ಆರುತ್ತ ಆರುತ್ತ ಅದು ಗಾಜಿನಂತೆ ಗಟ್ಟಿಯಾಗಿ ಓಟ್ಸ್ ಅನ್ನು ಗರಿಗರಿ ಮಾಡುತ್ತದೆ. ಇದು ಗೊತ್ತಿಲ್ಲದೆ ಇನ್ನೂ ಹತ್ತು ನಿಮಿಷ ಇಟ್ಟರೆ ಸೀದ ವಾಸನೆ ಖಚಿತ. ನೋಡಬೇಕಾದದ್ದು ಬಣ್ಣವನ್ನು, ಮೂಗಿಗೆ ಬಡಿಯುವ ಹುರಿದ ಪರಿಮಳವನ್ನು. ಅಂಚುಗಳು ಹೊಂಬಣ್ಣಕ್ಕೆ ಬಂದವೋ, ಹೊರಗೆ ತೆಗೆಯಬೇಕು.

ದೊಡ್ಡ ಗಂಟುಗಳು ಬೇಕೆನ್ನುವವರು ಹೆಚ್ಚು ಜೇನು ಸುರಿಯುತ್ತಾರೆ. ಅದರ ಅಗತ್ಯವಿಲ್ಲ. ಮಿಶ್ರಣವನ್ನು ತಟ್ಟೆಯಲ್ಲಿ ಹರಡಿ ಸೌಟಿನ ಬೆನ್ನಿನಿಂದ ಒತ್ತಬೇಕು. ನಡುವೆ ಒಮ್ಮೆ ಮಾತ್ರ ತಟ್ಟೆಯನ್ನು ತಿರುಗಿಸಿಡಬೇಕು, ಕೈಯಾಡಿಸಬಾರದು. ಹೊರತೆಗೆದ ಮೇಲೆ ಮತ್ತೊಮ್ಮೆ ಒತ್ತಿ, ಪೂರ್ತಿ ಆರುವವರೆಗೆ ಮುಟ್ಟದೆ ಬಿಡಬೇಕು. ಮೊಟ್ಟೆ ತಿನ್ನುವವರು ಒಂದು ಮೊಟ್ಟೆಯ ಬಿಳಿಭಾಗವನ್ನು ಕಲಸಿ ಸೇರಿಸಿದರೆ ಅದರ ಪ್ರೋಟೀನ್ ಬೆಂದು ಅಂಟಿನ ಕೆಲಸ ಮಾಡುತ್ತದೆ. ತಿನ್ನದವರಿಗೆ ಒಂದು ಹಿಡಿ ಓಟ್ಸ್ ಅನ್ನು ಪುಡಿಮಾಡಿ ಬೆರೆಸುವ ದಾರಿ ಇದೆ.

ಓಟ್ಸ್‌ನ ಜಾತಿಯೂ ಮುಖ್ಯ. ದಪ್ಪನೆಯ ರೋಲ್ಡ್ ಓಟ್ಸ್ ಇದಕ್ಕೆ ಸರಿ. ಇನ್‌ಸ್ಟಂಟ್ ಓಟ್ಸ್ ಪುಡಿಪುಡಿಯಾಗುತ್ತದೆ, ಕತ್ತರಿಸಿದ ಸ್ಟೀಲ್-ಕಟ್ ಓಟ್ಸ್ ಹಲ್ಲಿಗೆ ಗಟ್ಟಿ.

ತಪ್ಪು ಕಲ್ಪನೆ 8: ಎಣ್ಣೆ ಪೂರ್ತಿ ಬಿಟ್ಟರೆ ಉತ್ತಮ, ಇಲ್ಲವೇ ಕೊಬ್ಬರಿ ಎಣ್ಣೆ ಎಷ್ಟು ಹಾಕಿದರೂ ಒಳ್ಳೆಯದು.

ವಾಸ್ತವ: ಎಣ್ಣೆ ಕಾವನ್ನು ಪ್ರತಿ ಓಟ್ಸ್ ಎಸಳಿಗೂ ಸಮವಾಗಿ ಮುಟ್ಟಿಸುತ್ತದೆ. ಅದಿಲ್ಲದಿದ್ದರೆ ಕೆಲವು ಎಸಳು ಸೀದು, ಕೆಲವು ಹಸಿಯಾಗಿ, ಒಟ್ಟಾರೆ ಒಣ ಹೊಟ್ಟಿನಂತಾಗುತ್ತದೆ. ಕಡಿಮೆ ಮಾಡಬಹುದು, 300 ಗ್ರಾಂ ಓಟ್ಸ್‌ಗೆ ಮೂರು ದೊಡ್ಡ ಚಮಚದವರೆಗೆ ಇಳಿಸಿದರೂ ನಡೆಯುತ್ತದೆ. ಸೊನ್ನೆಗೆ ಇಳಿಸಿದರೆ ಗ್ರಾನೋಲಾ ಹೋಗಿ ಮ್ಯೂಸ್ಲಿ ಆಗುತ್ತದೆ. ಅದೂ ಒಳ್ಳೆಯ ತಿಂಡಿಯೇ, ಆದರೆ ಬೇರೆ ತಿಂಡಿ.

ಯಾವ ಎಣ್ಣೆಯಾದರೂ ಗ್ರಾಂಗೆ 9 ಕಿಲೋಕ್ಯಾಲರಿ ಕೊಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಶೇ. 90ರ ಹತ್ತಿರ, ತುಪ್ಪದಲ್ಲಿ ಶೇ. 60ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು ಇದೆ. ಕೊಲೆಸ್ಟರಾಲ್ ಚಿಂತೆ ಇರುವವರು ಶೇಂಗಾ ಎಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ ಬಳಸುವುದು ಮೇಲು. ಪರಿಮಳಕ್ಕೆ ಒಂದು ಚಮಚ ತುಪ್ಪ ಬೆರೆಸಿದರೆ ಯಾರಿಗೂ ಕೊರತೆ ಅನಿಸದು.

ತಪ್ಪು ಕಲ್ಪನೆ 9: ದುಬಾರಿ ವಿದೇಶಿ ಬೀಜ, ಹಣ್ಣುಗಳಿಲ್ಲದಿದ್ದರೆ ಗ್ರಾನೋಲಾಕ್ಕೆ ಸತ್ವ ಇಲ್ಲ.

ವಾಸ್ತವ: ಅಂಗಡಿಯ ಒಣ ಕ್ರ್ಯಾನ್‌ಬೆರಿಗೆ ಸಾಮಾನ್ಯವಾಗಿ ಸಕ್ಕರೆ ಸೇರಿಸಿಯೇ ಒಣಗಿಸಿರುತ್ತಾರೆ, ಏಕೆಂದರೆ ಹಣ್ಣು ತೀರ ಹುಳಿ. ವಿಜಯಪುರದ ಒಣದ್ರಾಕ್ಷಿಗೆ ಆ ಅಗತ್ಯವಿಲ್ಲ. ತಿಪಟೂರಿನ ಕೊಬ್ಬರಿ, ಚಳ್ಳಕೆರೆಯ ಶೇಂಗಾ, ಕರಾವಳಿಯ ಗೋಡಂಬಿ, ಸಕಲೇಶಪುರದ ಏಲಕ್ಕಿ ಒಂದೇ ಡಬ್ಬಿಗೆ ಬಂದರೆ ರುಚಿಗೂ ಸತ್ವಕ್ಕೂ ಕಡಿಮೆಯಿಲ್ಲ. ಬಾದಾಮಿಯ ಅರ್ಧ ಪಾಲನ್ನು ಶೇಂಗಾಕ್ಕೆ ಬಿಟ್ಟುಕೊಟ್ಟರೆ ಖರ್ಚು ಇಳಿಯುತ್ತದೆ, ಪ್ರೋಟೀನ್ ಇಳಿಯುವುದಿಲ್ಲ. ಶೇಂಗಾದಲ್ಲಿ ಅದು ಬಾದಾಮಿಗಿಂತ ತುಸು ಹೆಚ್ಚೇ. ಸಂಕ್ರಾಂತಿಗೆ ಮಾಡಿ ಉಳಿದ ಎಳ್ಳು, ಶೇಂಗಾ, ಹುರಿಗಡಲೆ, ಕೊಬ್ಬರಿಯ ಮಿಶ್ರಣವನ್ನು ಹಾಗೆಯೇ ಸೇರಿಸಬಹುದು. ಅದರಲ್ಲಿ ಬೆಲ್ಲದ ಅಚ್ಚಿನ ಚೂರುಗಳಿದ್ದರೆ ಜೇನನ್ನು ಅಷ್ಟು ಕಡಿಮೆ ಮಾಡಬೇಕು.

ಓಟ್ಸ್‌ನ ಮೂರನೇ ಒಂದು ಪಾಲಿಗೆ ರಾಗಿ ಅಥವಾ ಜೋಳದ ಅವಲಕ್ಕಿ ಹಾಕಿ ನೋಡಿ. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಓಟ್ಸ್‌ನಲ್ಲಿ ಅಷ್ಟಿಲ್ಲ. ಆದರೆ ಈ ಅವಲಕ್ಕಿಗಳು ತೆಳು, ಓಟ್ಸ್‌ಗಿಂತ ಬೇಗ ಗರಿಯಾಗುತ್ತವೆ. ಅರ್ಧ ಸಮಯದಲ್ಲಿ ಸೇರಿಸಬೇಕು.

ಚಿಯಾ ಈಗ ಪೂರ್ತಿ ಪರದೇಶಿ ಅಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ಮೈಸೂರು ಸೀಮೆಯ ರೈತರೂ ಬೆಳೆದಿದ್ದಾರೆ. ಅದು ತನ್ನ ತೂಕದ ಹತ್ತು ಪಟ್ಟಿನಷ್ಟು ನೀರು ಹೀರಿ ಉಬ್ಬುತ್ತದೆ. ಒಣ ಚಿಯಾ ನುಂಗಿ ಮೇಲೆ ನೀರು ಕುಡಿದ ವ್ಯಕ್ತಿಯ ಅನ್ನನಾಳದಲ್ಲಿ ಅದು ಸಿಕ್ಕಿಕೊಂಡ ಪ್ರಕರಣವನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದ್ದರು. ಗ್ರಾನೋಲಾದಲ್ಲಿ ಒಂದೆರಡು ಚಮಚ ಸಾಕು, ತಿನ್ನುವಾಗ ಹಾಲು ಅಥವಾ ಮೊಸರು ಜೊತೆಗಿರಲಿ. ಅಗಸೆ ಬೀಜವನ್ನು ಇಡಿಯಾಗಿ ಹಾಕಿದರೆ ಹೆಚ್ಚಿನ ಪಾಲು ಜೀರ್ಣವಾಗದೆ ಹಾಗೇ ಹೊರಹೋಗುತ್ತದೆ. ಹುರಿದು ತರಿತರಿ ಪುಡಿಮಾಡಿ ತಿನ್ನುವಾಗ ಉದುರಿಸಿಕೊಳ್ಳುವುದು ಸರಿಯಾದ ಕ್ರಮ.

ತಪ್ಪು ಕಲ್ಪನೆ 10: ಬಾದಾಮಿ ಸಿಪ್ಪೆ ವಿಷ, ನೆನೆಸಿ ಸುಲಿಯದೆ ಹಾಕಬಾರದು.

ವಾಸ್ತವ: ಈ ಭಯದ ಹಿಂದೆ ಒಂದು ಸತ್ಯ ಅಡಗಿದೆ. ಕಹಿ ಬಾದಾಮಿ ಎಂಬ ಬೇರೆ ಬಗೆ ಇದೆ. ಅದರಲ್ಲಿರುವ ಅಮಿಗ್ಡಲಿನ್ ದೇಹದಲ್ಲಿ ಸಯನೈಡ್ ಬಿಡುಗಡೆ ಮಾಡುತ್ತದೆ. ನಾವು ತಿನ್ನುವುದು ಸಿಹಿ ಬಾದಾಮಿ, ಅದರಲ್ಲಿ ಈ ಅಂಶ ನಗಣ್ಯ. ಅಲ್ಲದೆ ಅಮಿಗ್ಡಲಿನ್ ಇರುವುದು ತಿರುಳಿನಲ್ಲಿ, ಸಿಪ್ಪೆ ಸುಲಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಸಿಹಿ ಬಾದಾಮಿಯ ಸಿಪ್ಪೆಯಲ್ಲಿ ನಾರು, ಪಾಲಿಫಿನಾಲ್‌ಗಳಿವೆ. ತುಸು ಒಗರು ಬರುವುದು ಅದರಿಂದಲೇ. ಗ್ರಾನೋಲಾಕ್ಕೆ ಸಿಪ್ಪೆ ಸಮೇತ ಹಾಕಬಹುದು. ನೆನೆಸಿದ ಬಾದಾಮಿ ಹಾಕಿದರೆ ಮಾತ್ರ ಅದರ ತೇವ ಓಟ್ಸ್‌ಗೆ ಇಳಿದು ಗರಿತನ ಹೋಗುತ್ತದೆ. ಕಡು ಕಹಿಯಾದ ಬಾದಾಮಿ ಬಾಯಿಗೆ ಸಿಕ್ಕರೆ ಉಗಿಯಬೇಕು. ನಾಲಿಗೆ ಕೊಡುವ ಆ ಎಚ್ಚರಿಕೆ ಸರಿಯಾದದ್ದು.

ಬೀಜಗಳೆಲ್ಲ ಉಷ್ಣ, ಬೇಸಿಗೆಯಲ್ಲಿ ತಿನ್ನಬಾರದು ಎಂಬ ಮಾತೂ ಇದೆ. ಐದಾರು ಬಾದಾಮಿಯಿಂದ ಮೈ ತಾಪಮಾನ ಏರುವುದಿಲ್ಲ. ಹಿಡಿಗಟ್ಟಲೆ ತಿಂದಾಗ ಅಜೀರ್ಣವಾಗಿ ಎದೆಯುರಿ ಬರುವುದುಂಟು. ಹಿರಿಯರು ಕಂಡ ತೊಂದರೆ ಸುಳ್ಳಲ್ಲ, ಅದರ ಮೂಲ ಪ್ರಮಾಣದಲ್ಲಿದೆ, ಋತುವಿನಲ್ಲಿ ಅಲ್ಲ.

ತಪ್ಪು ಕಲ್ಪನೆ 11: ಓಟ್ಸ್‌ನಲ್ಲಿ ಗ್ಲೂಟನ್ ಇಲ್ಲ, ಹಾಗಾಗಿ ಎಲ್ಲರಿಗೂ ಸುರಕ್ಷಿತ. ಮನೆಯದ್ದಾದರೆ ಮಧುಮೇಹಿಗಳಿಗೂ ಮಕ್ಕಳಿಗೂ ಯೋಚನೆಯೇ ಬೇಡ.

ವಾಸ್ತವ: ಓಟ್ಸ್‌ನಲ್ಲಿ ಗೋಧಿಯ ಗ್ಲೂಟನ್ ಪ್ರೋಟೀನ್ ಇಲ್ಲ, ನಿಜ. ಆದರೆ ಹೊಲ, ಲಾರಿ, ಗಿರಣಿಗಳಲ್ಲಿ ಗೋಧಿ, ಬಾರ್ಲಿ ಬೆರೆಯುತ್ತವೆ. ಗ್ಲೂಟನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರು ಗ್ಲೂಟನ್-ಫ್ರೀ ಎಂದು ನಮೂದಾದ ಓಟ್ಸ್ ಅನ್ನೇ ಕೊಳ್ಳಬೇಕು. ಆ ನಮೂದಿಗೆ ಗ್ಲೂಟನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇದೆ. ಅಂಥವರಲ್ಲೂ ಕೆಲವರಿಗೆ ಓಟ್ಸ್‌ನ ಸ್ವಂತ ಪ್ರೋಟೀನೇ ಒಗ್ಗದು, ವೈದ್ಯರನ್ನು ಕೇಳಿ ಮುಂದುವರಿಯಬೇಕು.

ಮಧುಮೇಹ ಇರುವವರು ಬಟ್ಟಲಿನ ಓಟ್ಸ್, ಸಿಹಿ, ಒಣಹಣ್ಣು ಮೂರನ್ನೂ ದಿನದ ಕಾರ್ಬೋಹೈಡ್ರೇಟ್ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಇಡ್ಲಿ ತಿಂದ ಮೇಲೆ ಹೆಚ್ಚುವರಿಯಾಗಿ ತಿನ್ನುವ ತಿಂಡಿ ಇದಲ್ಲ, ಇಡ್ಲಿಯ ಬದಲು ತಿನ್ನುವಂಥದ್ದು. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಬಾದಾಮಿ, ಶೇಂಗಾ ಗಂಟಲಲ್ಲಿ ಸಿಕ್ಕುವ ಅಪಾಯವಿದೆ. ಅವರ ಪಾಲನ್ನು ಪುಡಿಮಾಡಿ ಮೊಸರಿನಲ್ಲಿ ಕಲಸಿಕೊಡಬೇಕು. ಶೇಂಗಾ, ಗೋಡಂಬಿ ಅಲರ್ಜಿ ಇರುವವರಿಗೆ ಬೀಜ ಹೆಕ್ಕಿ ತೆಗೆದುಕೊಟ್ಟರೆ ಸಾಲದು, ಅವರಿಗೆ ಬೇರೆಯೇ ತಟ್ಟೆಯಲ್ಲಿ ಮಾಡಬೇಕು.

ತಪ್ಪು ಕಲ್ಪನೆ 12: ಸಂರಕ್ಷಕ ಹಾಕದ ಮನೆಯ ಗ್ರಾನೋಲಾ ನಾಲ್ಕು ದಿನದಲ್ಲಿ ಕೆಡುತ್ತದೆ, ಅಥವಾ ಒಣ ಪದಾರ್ಥವಾದ್ದರಿಂದ ವರ್ಷವಿಟ್ಟರೂ ಕೆಡದು.

ವಾಸ್ತವ: ಎರಡೂ ತಪ್ಪು. ಬೂಸ್ಟು ಬೆಳೆಯಲು ನೀರು ಬೇಕು, ಚೆನ್ನಾಗಿ ಹುರಿದ ಗ್ರಾನೋಲಾದಲ್ಲಿ ಅದಿಲ್ಲ. ಹಾಗಾಗಿ ಗಾಳಿಯಾಡದ ಡಬ್ಬಿಯಲ್ಲಿ ಎರಡು-ಮೂರು ವಾರ ಸಲೀಸಾಗಿ ಇರುತ್ತದೆ. ಅದಕ್ಕೆ ಶತ್ರುಗಳು ಎರಡು. ಒಂದು ತೇವ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಹಬೆ ಒಳಗೇ ನೀರಾಗುತ್ತದೆ. ಒಣದ್ರಾಕ್ಷಿಯಲ್ಲಿ ಶೇ. 15ರಷ್ಟು ನೀರಿರುತ್ತದೆ, ಡಬ್ಬಿಯಲ್ಲಿ ಅದು ನಿಧಾನವಾಗಿ ಓಟ್ಸ್‌ಗೆ ಸರಿಯುತ್ತದೆ. ಓಟ್ಸ್ ಮೆತ್ತಗಾಗಿ, ದ್ರಾಕ್ಷಿ ಗಟ್ಟಿಯಾಗುವುದು ಇದರಿಂದ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಒಣಹಣ್ಣನ್ನು ಬೇರೆ ಡಬ್ಬಿಯಲ್ಲಿಟ್ಟು ತಿನ್ನುವಾಗ ಬೆರೆಸುವುದೇ ಸೂಕ್ತ. ಬರೀ ತೇವಕ್ಕೆ ಮೆತ್ತಗಾದದ್ದು ಹತ್ತು ನಿಮಿಷದ ಹಗುರ ಕಾವಿಗೆ ಮತ್ತೆ ಗರಿಯಾಗುತ್ತದೆ.

ಇನ್ನೊಂದು ಶತ್ರು ಗಾಳಿಯಲ್ಲಿನ ಆಮ್ಲಜನಕ. ಬೀಜಗಳ ಎಣ್ಣೆಯನ್ನು ಅದು ನಿಧಾನಕ್ಕೆ ಕೆಡಿಸಿ ಕಮಟು ವಾಸನೆ ತರುತ್ತದೆ, ಬೆಳಕು ಮತ್ತು ಸೆಕೆ ಇದಕ್ಕೆ ವೇಗ ಕೊಡುತ್ತವೆ. ಅಕ್ರೋಟು, ಪುಡಿ ಮಾಡಿದ ಅಗಸೆ ಎಲ್ಲಕ್ಕಿಂತ ಮೊದಲು ಕಮಟಾಗುತ್ತವೆ. ಕಮಟಾದದ್ದು ಮತ್ತೆ ಹುರಿದರೆ ಸರಿಹೋಗುವುದಿಲ್ಲ, ಅದನ್ನು ಎಸೆಯಲೇಬೇಕು. ಹೀಗಾಗಿ ಗ್ಯಾಸ್ ಒಲೆಯ ಪಕ್ಕದ ಗಾಜಿನ ಜಾಡಿ ನೋಡಲು ಚೆಂದವಾದರೂ ಇಡಲು ತಪ್ಪು ಜಾಗ. ಕಪಾಟಿನೊಳಗಿನ ಸ್ಟೀಲ್ ಡಬ್ಬಿ ಮೇಲು, ಹೆಚ್ಚು ದಿನಕ್ಕಾದರೆ ಫ್ರಿಜ್.

ಅಂಗಡಿಯ ಪೊಟ್ಟಣದ ಮೇಲೆ ಒಳಗಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಸಕ್ಕರೆಯ ಹೆಸರು ಪಟ್ಟಿಯಲ್ಲಿ ಎಷ್ಟು ಮೇಲಿದೆ ಎಂದು ನೋಡಿದರೆ ಅದು ಆರೋಗ್ಯದ ತಿಂಡಿ ಹೌದೋ ಅಲ್ಲವೋ ಎಂದು ನಾವೇ ಹೇಳಬಹುದು. ನಮ್ಮ ಮನೆಯ ಡಬ್ಬಿಗೆ ಅಂಥ ಕಾನೂನಿಲ್ಲ, ಆದರೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಮಾಡಿದ ದಿನಾಂಕ, ಹಾಕಿದ ಪದಾರ್ಥ, ಅವುಗಳ ತೂಕ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಅಲರ್ಜಿ ಇರುವ ನೆಂಟರಿಗೆ, ಸಕ್ಕರೆ ಲೆಕ್ಕ ಹಾಕುವ ಅಪ್ಪ-ಅಮ್ಮನಿಗೆ, ಮುಂದಿನ ಸಲ ಕೊಬ್ಬರಿ ಹೆಚ್ಚಿಸಬೇಕೋ ಜೇನು ತಗ್ಗಿಸಬೇಕೋ ಎಂದು ಯೋಚಿಸುವ ನಮಗೆ ಉತ್ತರ ಆ ಚೀಟಿಯಲ್ಲೇ ಸಿಗುತ್ತದೆ. ಗ್ರಾನೋಲಾ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ಇನ್ನು ಬೇರೆಯವರಿಗೆ ಕೇಳಬೇಕಾಗಿಲ್ಲ.